ಓಣಿಯ ಬಾಗಿಲಿನ ಚಪ್ಪಲಿಗಳು

ಓಣಿಯ ಮೆಟ್ಟಿಲ ಮೇಲೆ ಬಿಟ್ಟ ಚಪ್ಪಲಿಗಳನ್ನು ನೋಡಿಯೇ ನಾನು ಮನುಷ್ಯರನ್ನು ಅಳೆಯಲು ಕಲಿತದ್ದು. ನಮ್ಮ ಮನೆಗೆ ಬೀದಿಯ ಕಡೆ ಒಂದು ಬಾಗಿಲು, ಪಕ್ಕದ ಓಣಿಯ ಕಡೆ ಇನ್ನೊಂದು. ನಮ್ಮ ಯಜಮಾನರು ವಕೀಲರಾಗಿದ್ದರು; ಕಕ್ಷಿಗಾರರು ಸಂಸಾರದ ನಡುವೆ ಹಾದು ಬರುವುದು ಬೇಡವೆಂದು ಓಣಿಯಿಂದ ನೇರವಾಗಿ ತಮ್ಮ ಕೋಣೆಗೆ ಬಾಗಿಲು ಮಾಡಿಸಿಕೊಂಡಿದ್ದರು. ಅಡುಗೆಮನೆಯ ಕಿಟಕಿಯಲ್ಲಿ ನಿಂತರೆ ಆ ಬಾಗಿಲ ಮೆಟ್ಟಿಲಷ್ಟೇ ಕಾಣುತ್ತಿತ್ತು, ಬಂದವರ ಮುಖ ಕಾಣುತ್ತಿರಲಿಲ್ಲ. ಹಾಗಾಗಿ ನಾನು ಚಪ್ಪಲಿ ನೋಡುತ್ತಿದ್ದೆ. ಗೆಲ್ಲುವ ಭರವಸೆ ಇದ್ದವನು ಚಪ್ಪಲಿಯನ್ನು ಒದರಿ ಬಿಟ್ಟು ಒಳಗೆ ಹೋಗುತ್ತಿದ್ದ. ಸುಳ್ಳು ದಾವೆ ಹೂಡಲು ಬಂದವನು ಎರಡನ್ನೂ ನೀಟಾಗಿ ಜೋಡಿಸಿ ಮೂಲೆಗೆ ಸರಿಸುತ್ತಿದ್ದ. ಊಟಕ್ಕೆ ಕೂತಾಗ ನಾನು, ಇವತ್ತು ಬಂದವನನ್ನು ನಂಬಬೇಡಿ ಅಂದರೆ ಯಜಮಾನರು ನಗುತ್ತಿದ್ದರು. ಆದರೆ ಆ ಕಾಗದಪತ್ರಗಳನ್ನು ಇನ್ನೊಂದು ಸಲ ತೆಗೆದು ಓದುತ್ತಿದ್ದರು.

ಅನುಮಾನ ನನ್ನ ಹುಟ್ಟುಗುಣ. ಹಾಲು ಅಂದರೆ ನೀರೆಷ್ಟು ಎಂದು ಕೇಳುವವಳು ನಾನು. ಯಾರಾದರೂ ನನ್ನನ್ನು ಹೊಗಳಿದರೆ ಇವರಿಗೆ ಏನು ಬೇಕಾಗಿದೆ ಎಂದು ಯೋಚಿಸುತ್ತೇನೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ವಕೀಲರ ಮನೆ ಸೇರಿದ ಮೇಲೆ ಅದಕ್ಕೆ ಸಾಣೆಯೂ ಸಿಕ್ಕಿತು. ಈಗ ಹೇಳಹೊರಟಿರುವ ಸಂಗತಿಯಲ್ಲಿ ನನ್ನ ಅನುಮಾನ ಎಷ್ಟು ನಿಜವಾಯಿತು, ಎಷ್ಟು ಸುಳ್ಳಾಯಿತು ಎಂದು ವಿಂಗಡಿಸಲು ಇವತ್ತಿಗೂ ನನ್ನಿಂದ ಆಗಿಲ್ಲ.

ಯಜಮಾನರು ತೀರಿಕೊಂಡ ಮೇಲೆ ಆ ಕೋಣೆಗೆ ಬೀಗ ಬಿದ್ದಿತ್ತು. ಅದನ್ನು ತೆಗೆಸಿದವಳು ನನ್ನ ಸೊಸೆ ವೃಂದಾ. ಅವಳು ಊರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಮನಃಶಾಸ್ತ್ರದ ಪಾಠ ಹೇಳುತ್ತಿದ್ದಳು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಯಾರು ಮಾತಾಡಿದರೂ ಅವರ ಮಾತು ಮುಗಿಯುವವರೆಗೆ ಕಾದು, ಮುಗಿದ ಮೇಲೂ ಸ್ವಲ್ಪ ಹೊತ್ತು ಕಾಯುವ ಅಭ್ಯಾಸ ಅವಳಿಗೆ. ಆ ಕಾಯುವಿಕೆಯಲ್ಲಿ ಎದುರಿಗಿದ್ದವರು ಹೇಳಬಾರದ್ದನ್ನೂ ಹೇಳಿಬಿಡುತ್ತಿದ್ದರು. ಅವಳು ಮದುವೆಯಾಗಿ ಬಂದ ಹೊಸದರಲ್ಲೇ ನಾನು ಅದನ್ನು ಗಮನಿಸಿ, ಅವಳ ಎದುರು ಮಾತು ಮುಗಿದ ತಕ್ಷಣ ಎದ್ದುಹೋಗುವುದನ್ನು ರೂಢಿ ಮಾಡಿಕೊಂಡಿದ್ದೆ.

ಒಂದು ದಿನ ಮಗ ಪ್ರಸನ್ನ ಬಂದು, ವೃಂದಾ ಡಾಕ್ಟರೇಟಿಗೆ ಸೇರಿದ್ದಾಳೆ, ಎಲ್ಲ ಆನ್‌ಲೈನಿನಲ್ಲೇ ನಡೆಯುತ್ತದೆ, ಅಪ್ಪನ ಕೋಣೆ ಅವಳಿಗೆ ಬೇಕು ಅಂದ. ಆ ವಿಶ್ವವಿದ್ಯಾಲಯ ಎಲ್ಲಿದೆ ಎಂದು ಕೇಳಿದೆ. ಬಹಳ ದೂರ ಅಂದ. ಯಾರಾದರೂ ಕಣ್ಣಾರೆ ನೋಡಿ ಬಂದಿದ್ದಾರೆಯೇ ಎಂದು ಕೇಳಿದೆ. ಇಲ್ಲವಂತೆ. ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಹಸಿರು ಹುಲ್ಲು, ದಪ್ಪ ಕಂಬಗಳು, ಪುಸ್ತಕ ಎದೆಗವಚಿಕೊಂಡು ನಗುವ ಹುಡುಗಿಯರು. ಸೀರೆ ಅಂಗಡಿಯ ಕ್ಯಾಲೆಂಡರಿನಲ್ಲೂ ಇಂಥ ಹುಡುಗಿಯರು ನಗುತ್ತಿರುತ್ತಾರಲ್ಲಪ್ಪ ಅಂದೆ. ಅವನು ಬೀಗದ ಕೈ ತೆಗೆದುಕೊಂಡು ಹೋದ.

ಮರುವಾರದಿಂದಲೇ ಆ ಕೋಣೆಯಲ್ಲಿ ದನಿಗಳು ಶುರುವಾದವು. ಸಂಜೆ ಕಾಲೇಜಿನಿಂದ ಬಂದು ಕಾಫಿ ಕುಡಿದು ವೃಂದಾ ಬಾಗಿಲು ಹಾಕಿಕೊಳ್ಳುವಳು. ಒಮ್ಮೆ ಹೆಂಗಸಿನ ದನಿ, ಒಮ್ಮೆ ಗಂಡಸಿನ ದನಿ, ಒಮ್ಮೆ ಹತ್ತು ಜನರ ನಗು. ಯಾರೂ ಒಳಗೆ ಹೋದದ್ದಿಲ್ಲ, ಯಾರೂ ಹೊರಗೆ ಬಂದದ್ದಿಲ್ಲ, ಮೆಟ್ಟಿಲ ಮೇಲೆ ಒಂದು ಜೊತೆ ಚಪ್ಪಲಿಯೂ ಇಲ್ಲ. ಚಪ್ಪಲಿ ಬಿಡದೆ ಮನೆಯೊಳಗೆ ಬರುವ ಜನರನ್ನು ನಂಬುವುದು ಹೇಗೆ?

ಮೊದಲ ವರ್ಷದ ಕೊನೆಗೆ ಪರೀಕ್ಷೆ ಬಂತು. ಅವತ್ತು ಕೋಣೆಯ ಕಡೆ ಯಾರೂ ಬರಬಾರದು ಎಂದು ವೃಂದಾ ಮೊದಲೇ ಹೇಳಿದ್ದಳು. ನಾನು ಅಡುಗೆಮನೆಯಿಂದ ನಡುಮನೆಗೆ ಹೋಗುವಾಗ ಆ ಬಾಗಿಲ ಹತ್ತಿರ ನಿಂತದ್ದು ಕೇವಲ ಆಕಸ್ಮಿಕ ಎಂದು ಹೇಳಿದರೆ ನನ್ನನ್ನು ಬಲ್ಲವರು ನಂಬಲಾರರು. ಒಳಗೆ ಒಬ್ಬ ಗಂಡಸು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ. ವಕೀಲರ ಮನೆಯಲ್ಲಿ ಬಾಳಿದವಳಿಗೆ ಇಂಗ್ಲಿಷು ಆಡಲು ಬಾರದಿದ್ದರೂ ಕೇಳಿದರೆ ತಿಳಿಯುತ್ತದೆ. ಕೋಣೆಯ ನಾಲ್ಕೂ ಗೋಡೆ ತೋರಿಸಿ ಅಂದ. ಮೇಜಿನ ಕೆಳಗೆ ತೋರಿಸಿ ಅಂದ. ಆಮೇಲೆ ಕೂದಲು ಹಿಂದಕ್ಕೆ ಸರಿಸಿ ಎರಡು ಕಿವಿಯನ್ನೂ ತೋರಿಸಿ ಅಂದ. ತೋಳು ಮಡಚಿ ಕೈ ತೋರಿಸಿ ಅಂದ. ವೃಂದಾ ಒಂದು ಮಾತೂ ಎದುರಾಡದೆ ತೋರಿಸುತ್ತಿದ್ದ ಹಾಗೆ ಕೇಳಿಸಿತು. ಬಾಗಿಲು ಬಡಿಯಲು ಕೈ ಎತ್ತಿದೆ.

ಎತ್ತಿದ ಕೈಯನ್ನು ಹಿಂದಿನಿಂದ ಪ್ರಸನ್ನ ಹಿಡಿದುಕೊಂಡ. ನನ್ನನ್ನು ಕಾಯುವುದಕ್ಕೆಂದೇ ಅವನು ಅವತ್ತು ರಜ ಹಾಕಿದ್ದನಂತೆ. ನನ್ನನ್ನು ಹಿತ್ತಲವರೆಗೆ ಎಳೆದುಕೊಂಡು ಹೋಗಿ ವಿಷಯ ಬಿಡಿಸಿ ಹೇಳಿದ. ಪರೀಕ್ಷೆ ಬರೆಯುವವರು ಎಲ್ಲೋ, ಕಾಯುವವರು ಇನ್ನೆಲ್ಲೋ. ಗೋಡೆಯ ಮೇಲೆ ಉತ್ತರ ಅಂಟಿಸಿಕೊಂಡಿಲ್ಲ, ಕಿವಿಯೊಳಗೆ ಯಂತ್ರ ಇಟ್ಟುಕೊಂಡು ಹೊರಗಿನವರಿಂದ ಕೇಳಿ ಬರೆಯುತ್ತಿಲ್ಲ ಎಂದು ಅವರು ಹೀಗೆ ನೋಡುತ್ತಾರಂತೆ. ಇನ್ನೊಬ್ಬರ ದನಿ ಕೇಳಿಸಿದರೂ ಪರೀಕ್ಷೆ ರದ್ದಾಗುತ್ತಿತ್ತು ಎಂದ. ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಸುಧಾರಿಸಿಕೊಂಡೆ. ನಿಜ ಹೇಳಬೇಕೆಂದರೆ ಆ ದಿನ ನನಗೆ ಆ ವಿಶ್ವವಿದ್ಯಾಲಯದ ಮೇಲೆ ಮೊದಲ ಸಲ ಗೌರವ ಬಂತು. ನನಗಿಂತ ಹೆಚ್ಚು ಅನುಮಾನದವರು ಈ ಲೋಕದಲ್ಲಿ ಇದ್ದಾರೆ ಎಂದು ಆವರೆಗೆ ನನಗೆ ಗೊತ್ತಿರಲಿಲ್ಲ.

ಆ ಗೌರವ ಬಹಳ ದಿನ ಬಾಳಲಿಲ್ಲ. ಎರಡನೆಯ ವರ್ಷ ವೃಂದಾ ತನ್ನ ಸಂಶೋಧನೆಯ ವಿಷಯ ಆರಿಸಿಕೊಂಡಳು. ಅದೇನೆಂದು ಅವಳು ನನಗೆ ಹೇಳಲಿಲ್ಲ. ಮಗನನ್ನು ಕೆದಕಿ ತಿಳಿದುಕೊಂಡೆ. ಒಂದೇ ಕುಟುಂಬದಲ್ಲಿ ಹುಟ್ಟಿಯೋ, ಬಾಳಿಯೋ, ವರ್ಷಗಟ್ಟಲೆ ಮಾತು ಬಿಟ್ಟ ಹೆಂಗಸರ ಮನಸ್ಸು ಹೇಗಿರುತ್ತದೆ ಎಂಬುದು ವಿಷಯ. ಕೇಳಿದ ಕೂಡಲೇ ನನ್ನ ಮೈ ಉರಿಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು ಎಂದು ಯಾರು ಬೇಕಾದರೂ ನನ್ನನ್ನು ಆಡಿಕೊಳ್ಳಲಿ. ಆ ವಿಷಯ ಅವಳಿಗೆ ಎಲ್ಲಿಂದ ಹೊಳೆಯಿತು ಎಂದು ನನಗೆ ಗೊತ್ತಾಗದೆ ಹೋಗುತ್ತದೆಯೇ?

ನನಗೆ ಒಬ್ಬಳು ತಂಗಿ, ಸರ್ವಮಂಗಳ. ನಮಗೆ ಅವಳು ಮಂಗಳಿ. ಎರಡು ಬೀದಿ ಆಚೆ ಅವಳ ಮನೆ. ಗಂಡ ಬೇಗ ಹೋದ, ಮಕ್ಕಳಿರಲಿಲ್ಲ. ನಮ್ಮ ಅಮ್ಮ ಕೊನೆಗಾಲದಲ್ಲಿ ಅವಳ ಜೊತೆಗೇ ಇದ್ದಳು. ಹಾಸಿಗೆ ಹಿಡಿದು ಮೂರು ವರ್ಷವಾಗಿತ್ತು. ನಾನು ವಾರಕ್ಕೆರಡು ಸಲ ಹೋಗಿ ನೋಡಿಕೊಂಡು ಬರುತ್ತಿದ್ದೆ. ಒಂದು ಬೇಸಿಗೆಯ ಬೆಳಿಗ್ಗೆ ಅಮ್ಮ ಹೋದಳೆಂದು ಸುದ್ದಿ ಬಂತು. ಓಡಿದೆ. ಆಗಲೇ ತುಳಸಿ ಇಟ್ಟು ಮುಗಿದಿತ್ತು. ಅಲ್ಲಿಗೆ ಬಂದಿದ್ದ ಡಾಕ್ಟರ ಬಾಯಲ್ಲಿ ನನಗೆ ತಿಳಿಯಿತು: ಹಿಂದಿನ ದಿನ ಬೆಳಿಗ್ಗೆಯೇ ಅವರು ಇನ್ನು ಕಾಯುವುದಷ್ಟೇ ಎಂದು ಹೇಳಿದ್ದರು, ಇಡೀ ದಿನ ಅಮ್ಮ ಉಸಿರು ಎಳೆಯುತ್ತಿದ್ದಳು. ಆ ಇಡೀ ದಿನ ನಾನು ತಾರಸಿಯ ಮೇಲೆ ಸಂಡಿಗೆ ಇಡುತ್ತಿದ್ದೆ. ಎರಡು ಬೀದಿ ಆಚೆ. ಮಂಗಳಿ ಒಂದು ಮಾತು ಹೇಳಿ ಕಳಿಸಲಿಲ್ಲ.

ಅಮ್ಮನ ಬಾಯಿಗೆ ಒಂದು ಉದ್ಧರಣೆ ನೀರು ಬಿಡುವ ಭಾಗ್ಯ ಹಿರಿಯ ಮಗಳಾದ ನನಗೆ ಸಿಗಲಿಲ್ಲ. ಅಮ್ಮ ನನ್ನನ್ನು ಕೇಳಿದಳೇ ಎಂದು ಅವತ್ತೇ ಮಂಗಳಿಯನ್ನು ಕೇಳಿದೆ. ಅವಳು ಮುಖ ತಿರುಗಿಸಿ ಒಳಗೆ ಹೋದಳು. ಅದೇ ಕೊನೆ. ಹತ್ತು ವರ್ಷದ ಮೇಲಾಗಿತ್ತು, ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ಮದುವೆಮನೆಗಳಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಬಡಿಸುವವರ ಮೂಲಕ ಮಾತಾಡಿದ್ದೇವೆ. "ಆ ಕಡೆಯವರಿಗೆ ತುಪ್ಪ ಹಾಕಪ್ಪ, ಒಣ ಅನ್ನ ತಿಂತಿದ್ದಾರೆ" ಎಂದು ಅವಳು ಹೇಳುವಳು. "ಅವರ ಸಕ್ಕರೆ ಕಾಯಿಲೆ ಅವರಿಗೆ ನೆನಪಿರಲಿ, ಲಾಡು ಎರಡೆರಡು ಹಾಕಬೇಡ" ಎಂದು ನಾನು ಹೇಳುವೆನು. ಆದರೆ ಅಮ್ಮ ಕೊನೆಗೆ ನನ್ನ ಹೆಸರು ಹೇಳಿದಳೋ ಇಲ್ಲವೋ ಎಂಬ ಒಂದು ಪ್ರಶ್ನೆಯನ್ನು ಬಡಿಸುವವರ ಮೂಲಕ ಕೇಳಲಾಗುತ್ತದೆಯೇ? ಅದು ನನ್ನೊಳಗೆ ಮುಳ್ಳಿನ ಹಾಗೆ ಇತ್ತು. ಉತ್ತರ ಗೊತ್ತಿದ್ದವಳು ಜಗತ್ತಿನಲ್ಲಿ ಒಬ್ಬಳೇ.

ವೃಂದಾಳನ್ನು ನೇರವಾಗಿ ಕೇಳಿದೆ, "ನನ್ನ ಬಗ್ಗೆ ಬರೀತಿದೀಯಾ?"

"ಇಲ್ಲ ಅತ್ತೆ. ನಮ್ಮ ಕುಟುಂಬದವರನ್ನ ಮಾತಾಡಿಸೋ ಹಾಗೇ ಇಲ್ಲ. ಯೂನಿವರ್ಸಿಟಿ ನಿಯಮ. ಮೊದಲೇ ಬರೆದುಕೊಟ್ಟಿದೀನಿ" ಅಂದಳು. ಆಮೇಲೆ ತನ್ನ ಅಭ್ಯಾಸದ ಹಾಗೆ ಸ್ವಲ್ಪ ಹೊತ್ತು ಕಾದಳು. ನಾನು ಎದ್ದು ಹೋದೆ.

ಆ ವರ್ಷ ಓಣಿಯ ಮೆಟ್ಟಿಲ ಮೇಲೆ ಮತ್ತೆ ಚಪ್ಪಲಿಗಳು ಬಂದವು. ಈ ಸಲ ಎಲ್ಲ ಹೆಂಗಸರವು. ಮಣಿ ಕೂರಿಸಿದವು, ಪಟ್ಟಿ ಹರಿದು ಪಿನ್ನು ಹಾಕಿದವು, ಮಗನದೋ ಗಂಡನದೋ ದೊಡ್ಡ ಹವಾಯಿ ಚಪ್ಪಲಿಗಳು. ಒಬ್ಬೊಬ್ಬರೇ ಬರುತ್ತಿದ್ದರು, ಒಪ್ಪಿಗೆಯ ಕಾಗದಕ್ಕೆ ರುಜು ಹಾಕುತ್ತಿದ್ದರು, ಒಂದು ಗಂಟೆಗೂ ಮೇಲೆ ಒಳಗಿರುತ್ತಿದ್ದರು. ಹೋಗುವಾಗ ಚಪ್ಪಲಿ ಮೆಟ್ಟಲು ಬಗ್ಗಿದವರು ಸೆರಗಿನಲ್ಲಿ ಮೂಗು ಸೀಟುವುದು ಕಿಟಕಿಗೆ ಕೇಳಿಸುತ್ತಿತ್ತು. ಯಾರು ಬಂದಿದ್ದರು ಎಂದು ಕೇಳಿದರೆ ವೃಂದಾ, "ಅದನ್ನ ಹೇಳೋ ಹಾಗಿಲ್ಲ ಅತ್ತೆ" ಅನ್ನುತ್ತಿದ್ದಳು. ನಮ್ಮ ಮನೆಯ ಮೆಟ್ಟಿಲ ಮೇಲಿನ ಚಪ್ಪಲಿ ಯಾರದೆಂದು ನನಗೇ ಹೇಳುವ ಹಾಗಿಲ್ಲ. ಇಂಥ ಓದನ್ನು ನಾನು ಕೇಳಿರಲಿಲ್ಲ.

ಹೀಗಿರುವಾಗ ಒಂದು ಸಂಜೆ ಬೇಳೆ ತೊಳೆಯುತ್ತಾ ಕಿಟಕಿಯ ಹೊರಗೆ ನೋಡಿದವಳು ಹಾಗೇ ನಿಂತುಬಿಟ್ಟೆ. ಮೆಟ್ಟಿಲ ಮೇಲೆ ಒಂದು ಜೊತೆ ಕಂದು ಚಪ್ಪಲಿ. ಎಡಗಾಲಿನದರ ಹಿಮ್ಮಡಿ ಹೊರಮಗ್ಗುಲಿಗೆ ಸವೆದು ಓರೆಯಾಗಿತ್ತು. ಮಂಗಳಿ ಚಿಕ್ಕವಳಿದ್ದಾಗ ನಾನು ಬೇಡವೆಂದರೂ ಸೀಬೆಮರ ಹತ್ತಿ ಬಿದ್ದಿದ್ದಳು. ಅಂದಿನಿಂದ ಅವಳ ಎಡಗಾಲು ಹಾಗೇ. ಎಷ್ಟು ಹೊಸ ಚಪ್ಪಲಿ ಕೊಡಿಸಿದರೂ ಆರು ತಿಂಗಳಿಗೆ ಅದೇ ಆಕಾರ. ಆ ಕಾಲಿನ ಚಪ್ಪಲಿಯನ್ನು ಗುರುತಿಸಲು ನನಗೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ.

ನನ್ನ ಮನೆಗೆ ಬಂದಿದ್ದಾಳೆ. ನನಗಲ್ಲ, ಸೊಸೆಗೆ ಹೇಳಲು. ನನಗೆ ಹೇಳದೆ ಉಳಿಸಿಕೊಂಡದ್ದನ್ನು ಅವಳ ಕಂಪ್ಯೂಟರಿಗೆ ಹೇಳಲು. ಕುಟುಂಬದವರನ್ನು ಮಾತಾಡಿಸುವ ಹಾಗಿಲ್ಲ ಎಂಬ ನಿಯಮ ನೆನಪಾಯಿತು. ಆದರೆ ನಾನು ವಕೀಲರ ಹೆಂಡತಿ. ಮಂಗಳಿ ಈಗ ನಮ್ಮ ಕುಟುಂಬದವಳು ಹೇಗಾಗುತ್ತಾಳೆ, ಮಾತು ಬಿಟ್ಟ ದಿನವೇ ಅವಳ ಹೆಸರು ಹೋಯಿತಲ್ಲ ಎಂದು ನಾನೇ ವಾದ ಮಾಡಿ ನಾನೇ ತೀರ್ಪು ಕೊಟ್ಟುಕೊಂಡೆ. ನನ್ನನ್ನು ಹೊರಗಿಟ್ಟು ಅವಳನ್ನು ಒಳಗೆ ಕರೆಯಲು ವೃಂದಾ ಕಂಡುಕೊಂಡ ದಾರಿ ಇದು, ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನನಗೆ ಖಾತರಿಯಾಯಿತು.

ಸದ್ದಿಲ್ಲದೆ ಹೋಗಿ ಒಳಬಾಗಿಲಿಗೆ ಕಿವಿ ಇಟ್ಟೆ. ಏನೂ ಕೇಳಿಸಲಿಲ್ಲ. ಪಿಸುಮಾತೂ ಇಲ್ಲ. ಆಗಾಗ ಕೀಲಿಮಣೆಯ ಟಕಟಕ ಮಾತ್ರ. ಮಂಗಳಿ ಹೇಳುತ್ತಿರುವುದನ್ನು ಇವಳು ಹಾಗೇ ಬರೆದುಕೊಳ್ಳುತ್ತಿದ್ದಾಳೆ, ನನಗೆ ಕೇಳಿಸಬಾರದೆಂದು ಕಿವಿಯಲ್ಲಿ ಉಸುರುತ್ತಿದ್ದಾರೆ ಅಂದುಕೊಂಡೆ. ಮುಂದಿನ ವಾರವೂ ಅದೇ ದಿನ ಆ ಚಪ್ಪಲಿ ಬಂತು. ಅದರ ಮುಂದಿನ ವಾರವೂ. ಬೇರೆ ಹೆಂಗಸರು ಒಮ್ಮೆಯೋ ಎರಡು ಸಲವೋ ಬಂದು ನಿಂತುಹೋಗುತ್ತಿದ್ದರು. ಇವಳ ಕತೆ ಮಾತ್ರ ಮುಗಿಯುವ ಹಾಗೆ ಕಾಣಲಿಲ್ಲ. ನನ್ನ ಮೇಲೆ ಹೇಳಲು ಅಷ್ಟೊಂದು ಇದೆಯೇ?

ಅವಳು ಕಿವಿಯಲ್ಲಿ ಉಸುರಲಿ, ನಾನು ಗಟ್ಟಿಯಾಗಿಯೇ ಹೇಳುತ್ತೇನೆ ಎಂದು ನಿಶ್ಚಯಿಸಿದೆ. ಆ ಚಪ್ಪಲಿ ಬಂದ ದಿನ ಪಾತ್ರೆಗಳನ್ನು ಎತ್ತಿ ಕುಕ್ಕಿ, ಕೆಲಸದ ಚೌಡಮ್ಮನ ನೆಪ ಮಾಡಿಕೊಂಡು ಮಾತಿನ ಚಾಟಿ ಬೀಸುತ್ತಿದ್ದೆ. ಹೆತ್ತವಳ ಬಾಯಿಗೆ ಹಿರಿಮಗಳು ನೀರು ಬಿಡದ ಹಾಗೆ ಮಾಡಿದವರು ಎಲ್ಲಿ ಹೋಗಿ ಏನು ಹೇಳಿಕೊಂಡರೂ ಆ ಪಾಪ ತೊಳೆಯುವುದಿಲ್ಲ ಅನ್ನುತ್ತಿದ್ದೆ. ಚೌಡಮ್ಮ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು, "ಯಾರ್ಗೆ ಹೇಳ್ತಿದೀರ ಅಮ್ಮಾವ್ರೇ?" ಎಂದು ಕೇಳಿದಳು. "ಪಾತ್ರೆಗೆ" ಅಂದೆ. ಅವಳು ಆಮೇಲೆ ಆ ದಿನಗಳಲ್ಲಿ ಬೇಗ ಬಂದು ಬೇಗ ಹೋಗತೊಡಗಿದಳು.

ಹೀಗೆ ಎರಡು ವರ್ಷ ಕಳೆಯಿತು. ಸಂಶೋಧನೆ ಮುಗಿಯಿತು, ಪ್ರಬಂಧ ಹೋಯಿತು, ಕೊನೆಗೆ ವೈವಾ ಎಂಬ ಬಾಯಿಪರೀಕ್ಷೆಯ ದಿನ ಗೊತ್ತಾಯಿತು. ಅದೂ ಆನ್‌ಲೈನಿನಲ್ಲೇ. ಆದರೆ ಈ ಪರೀಕ್ಷೆಯನ್ನು ಬೇಕಾದವರೆಲ್ಲ ಕೂತು ನೋಡಬಹುದಂತೆ. ನನಗೆ ಇಷ್ಟೇ ಬೇಕಾಗಿತ್ತು. ಮುಚ್ಚಿದ ಬಾಗಿಲಿನ ಹಿಂದೆ ಆದದ್ದೆಲ್ಲ ಎಂದಾದರೂ ಬೆಳಕಿಗೆ ಬರಲೇಬೇಕಲ್ಲ. ಅವತ್ತು ಬೆಳಿಗ್ಗೆ ಸ್ನಾನ ಮಾಡಿ, ಒಳ್ಳೆಯ ಸೀರೆ ಉಟ್ಟು, ನಡುಮನೆಯಲ್ಲಿ ಪ್ರಸನ್ನನ ಲ್ಯಾಪ್‌ಟಾಪಿನ ಎದುರು ಕೂತೆ. ವೃಂದಾ ಅವಳ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದಳು. ಗೋಡೆಯಾಚೆ ಇದ್ದ ಸೊಸೆ ನನ್ನ ಎದುರಿನ ಪರದೆಯ ಮೇಲೆ ಅಂಗೈಯಗಲ ಕಾಣುತ್ತಿದ್ದಳು. ಅವಳ ಸುತ್ತ ಚೌಕಗಳಲ್ಲಿ ಪರೀಕ್ಷಕರು ಕೂತಿದ್ದರು.

ಬಹಳ ಹೊತ್ತು ಇಂಗ್ಲಿಷಿನಲ್ಲೇ ನಡೆಯಿತು. ಒಬ್ಬ ಕನ್ನಡಕದ ಹೆಂಗಸು, ಮಾತು ಬಿಡುವುದು ಎಂದರೆ ಸಿಟ್ಟು ತಾನೇ, ಅದಕ್ಕೆ ಬೇರೆ ಹೆಸರೇಕೆ ಎಂದು ಕೇಳಿದಳು. ವೃಂದಾ, ಇದಕ್ಕೆ ತನ್ನ ಮಾತಿಗಿಂತ ತನ್ನೊಡನೆ ಮಾತಾಡಿದ ಒಬ್ಬ ಮಹಿಳೆಯ ಮಾತೇ ಉತ್ತರ, ಅದನ್ನು ಅವರಾಡಿದ ಭಾಷೆಯಲ್ಲೇ ಓದುತ್ತೇನೆ ಎಂದಳು. ತಾಯಿಯ ಮರಣದ ನಂತರ ಮಾತು ಬಿಟ್ಟ ಅಕ್ಕತಂಗಿಯರಲ್ಲಿ ಕಿರಿಯವರು ಎಂದಷ್ಟೇ ಹೇಳಿ ಓದಿದಳು:

"'ಅಕ್ಕನಿಗೆ ಒಂದು ಮಾತು ಹೇಳಿ ಕಳಿಸಬಹುದಿತ್ತು. ಆದ್ರೆ ಹೇಳಿ ಕಳಿಸಿಬಿಟ್ರೆ ಅಮ್ಮ ಉಳಿಯಲ್ಲ ಅಂತ ನಾನೇ ಒಪ್ಪಿಕೊಂಡ ಹಾಗಾಗ್ತಿತ್ತು. ಅದಕ್ಕೇ ಹೇಳಲಿಲ್ಲ. ಆಮೇಲೆ ಅದನ್ನ ಅವಳಿಗೆ ಹೇಳೋಕೆ ಮುಖ ಉಳೀಲಿಲ್ಲ.'"

ಅದಾದ ಮೇಲೆ ಅವರೆಲ್ಲ ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಇಷ್ಟೇ ಆಗಿತ್ತೇ? ಅಮ್ಮ ಸಾಯುತ್ತಾಳೆಂದು ನಂಬಲಾರದೆ ಸುಮ್ಮನಿದ್ದವಳನ್ನು ನಾನು ಇಷ್ಟು ವರ್ಷ ವೈರಿ ಮಾಡಿಕೊಂಡಿದ್ದೆನೇ? ಕಣ್ಣು ತುಂಬಿ ಪರದೆಯ ಮೇಲಿನ ಮುಖಗಳು ಕಲಸಿಹೋದವು. ಪ್ರಸನ್ನ ಏನೋ ಕೇಳಿದ. ನಾನು ಎದ್ದು ಮುಂಬಾಗಿಲು ದಾಟಿ ಬೀದಿಗೆ ಇಳಿದಿದ್ದೆ. ಕಾಲಿಗೆ ಚಪ್ಪಲಿ ಹಾಕಿಲ್ಲವೆಂದು ಗೊತ್ತಾದದ್ದು ಎರಡನೆಯ ಬೀದಿಯ ತಿರುವಿನಲ್ಲಿ, ಬಿಸಿಲಿಗೆ ಕಾದ ಟಾರು ಅಂಗಾಲು ಸುಟ್ಟಾಗ.

ಮಂಗಳಿ ಜಗಲಿಯ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದಳು. ನನ್ನನ್ನು ಕಂಡು ಕೈ ನಿಂತಿತು. ಎದ್ದೇಳಲೂ ಇಲ್ಲ, ಬಾ ಎನ್ನಲೂ ಇಲ್ಲ. ನಾನು ಅವಳ ಎದುರಿಗೆ ಕೂತು, ಆಗಷ್ಟೇ ಕೇಳಿದ ಮಾತುಗಳನ್ನು ಒಂದೂ ಬಿಡದೆ ಒಪ್ಪಿಸಿದೆ. "ಇದನ್ನ ನನಗೇ ಹೇಳಬಹುದಿತ್ತಲ್ಲೇ" ಅಂದೆ.

ಅವಳು ಕೈಯಲ್ಲಿದ್ದ ಬತ್ತಿಯನ್ನು ಕೆಳಗಿಟ್ಟಳು. ಆ ಹೊತ್ತಿನಲ್ಲಿ ಅವಳು ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ಎಲ್ಲ ಅಲ್ಲಿಗೇ ಹಿತವಾಗಿ ಮುಗಿದುಹೋಗುತ್ತಿತ್ತು.

"ಅದು ನಾನು ಹೇಳಿದ್ದಲ್ಲ ಅಕ್ಕ" ಅಂದಳು.

ನನಗೆ ಅರ್ಥವಾಗಲಿಲ್ಲ. ನೀನು ವಾರವಾರ ಬರುತ್ತಿದ್ದೆಯಲ್ಲ, ನಿನ್ನ ಚಪ್ಪಲಿ ನೋಡಿದ್ದೇನೆ ಅಂದೆ. ಬಂದದ್ದು ನಿಜ ಎಂದು ಒಪ್ಪಿಕೊಂಡಳು. ವೃಂದಾಳ ಸಂಶೋಧನೆಯ ಸುದ್ದಿ ಕೇಳಿ, ತನಗೂ ಹೇಳುವುದಿದೆ ಎಂದುಕೊಂಡು ಮೊದಲ ದಿನ ಬಂದಿದ್ದಳಂತೆ. ವೃಂದಾ ಕಾಫಿ ಕೊಟ್ಟು, "ಚಿಕ್ಕತ್ತೆ, ನೀವು ಅತ್ತೆಯ ತಂಗಿ, ನಮ್ಮ ಕುಟುಂಬದವರು, ನಿಮ್ಮನ್ನ ತಗೊಳ್ಳೋ ಹಾಗಿಲ್ಲ" ಎಂದು ಹೇಳಿಬಿಟ್ಟಳಂತೆ. ನಾನು ಸಂಬಂಧದಿಂದ ಕಿತ್ತುಹಾಕಿದ್ದವಳನ್ನು, ಕಂಡುಕೇಳರಿಯದ ಆ ವಿಶ್ವವಿದ್ಯಾಲಯ ನನ್ನ ತಂಗಿ ಎಂದೇ ಹಿಡಿದಿತ್ತು. ಮತ್ತೆ ಅಷ್ಟು ದಿನ ಆ ಕೋಣೆಯಲ್ಲಿ ಕೂತು ಏನು ಮಾಡುತ್ತಿದ್ದೆ ಎಂದು ಕೇಳಿದೆ.

"ಏನೂ ಇಲ್ಲ. ವೃಂದಾ ಅವಳ ಪಾಡಿಗೆ ಅವಳು ಓದ್ಕೊಳ್ಳೋಳು. ಆ ಕೋಣೇಲಿ ಕೂತ್ರೆ ನಿನ್ನ ಅಡುಗೆಮನೆ ಸದ್ದೆಲ್ಲ ಕೇಳಿಸ್ತದೆ. ನೀನು ಯಾರಿಗಾದ್ರೂ ಬೈತಿರ್ತೀಯಲ್ಲ, ಕೇಳ್ಕೊಂಡು ಕೂತಿರ್ತಿದ್ದೆ."

ಬಾಗಿಲಿನ ಈಚೆ ಕಿವಿಯಿಟ್ಟು ನಾನು ನಿಂತಿದ್ದಾಗ, ಆಚೆ ಅವಳು ನನಗಾಗಿ ಕಿವಿಗೊಟ್ಟು ಕೂತಿದ್ದಳು. ನಾನು ಉಸಿರು ಬಿಗಿಹಿಡಿದು ನಿಂತಷ್ಟು ಹೊತ್ತು ಇಬ್ಬರಿಗೂ ಏನೂ ಕೇಳಿಸಿರಲಾರದು. ನಾನು ಪಾತ್ರೆಗೆ ಹೇಳಿದ್ದೂ ಕೇಳಿಸಿತೇ ಎಂದು ಕೇಳಿದೆ. ಎಲ್ಲ ಕೇಳಿಸಿತು ಅಂದಳು.

"ಹೇಳಿ ಕಳಿಸದೆ ಇದ್ದದ್ದು ಬೇಕಂತಲೇ ಅಕ್ಕ. ನಿನ್ನ ಅನುಮಾನ ಸರಿಯಾಗೇ ಇತ್ತು" ಎಂದಳು. ದನಿ ಏರಲಿಲ್ಲ, ನಡುಗಲೂ ಇಲ್ಲ. "ಮೂರು ವರ್ಷ ಎತ್ತಿದೋಳು, ತೊಳೆದೋಳು ನಾನು. ನೀನು ವಾರಕ್ಕೆರಡು ಸಲ ಬಂದು ಹಣೆ ಮುಟ್ಟಿ ಹೋದ್ರೆ, ಅಮ್ಮ ಮಿಕ್ಕ ದಿನವೆಲ್ಲ ನಿನ್ನ ದಾರಿ ಕಾಯೋಳು. ಕೊನೆ ದಿನವಾದ್ರೂ ಅವಳು ನನ್ನವಳಾಗಿರಲಿ ಅನ್ನಿಸ್ತು. ಅದಕ್ಕೇ ಕರೀಲಿಲ್ಲ."

ಎದ್ದು ಹೊರಡಬೇಕು ಅನ್ನಿಸಿತು. ಇಷ್ಟು ವರ್ಷ ಮನಸ್ಸಿನಲ್ಲೇ ಹೊರಿಸಿದ್ದ ಆರೋಪವನ್ನು ಆರೋಪಿಯೇ ಒಪ್ಪಿಕೊಂಡರೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಅವಳು ಇನ್ನೂ ಮುಗಿಸಿರಲಿಲ್ಲ.

"ಆದ್ರೂ ಆಗ್ಲಿಲ್ಲ. ಇಡೀ ದಿನ ನಿನ್ನ ಹೆಸರೇ. ಕಣ್ಣು ಕಾಣಿಸ್ತಿರಲಿಲ್ಲ ಅವಳಿಗೆ. ಬೆಳಗಾಗೋ ಹೊತ್ತಿಗೆ ನಾನು ತಲೆ ಸವರ್ತಾ ಇದ್ರೆ ನೀನು ಅಂದ್ಕೊಂಡು 'ಬಂದ್ಯಾ ಮಗಾ' ಅಂದ್ಲು. ನಾನು 'ಹೂಂ, ಬಂದೆ' ಅಂದೆ. ನಿನ್ನ ಹಾಗೇ ಅಂದೆ. ಆಮೇಲೆ ಬಾಯಿ ತೆರೆದ್ಲು, ನೀರು ಬಿಟ್ಟೆ. ಆ ನೀರು ನಿನ್ನ ಹೆಸರಲ್ಲೇ ಹೋಯ್ತು ಅಕ್ಕ. ನನ್ನ ಹೆಸರಲ್ಲಿ ಒಂದು ಹನೀನೂ ಹೋಗಲಿಲ್ಲ."

ಇದೂ ನನ್ನನ್ನು ಸಮಾಧಾನ ಮಾಡಲು ಕಟ್ಟಿದ ಮಾತೇ ಎಂಬ ಅನುಮಾನ ಆ ಗಳಿಗೆಯಲ್ಲೂ ನನಗೆ ಬಂದದ್ದು ನಿಜ. ನನ್ನ ಗುಣ ಅದು. ಅವಳ ಮುಖ ನೋಡಿದೆ. ಸಮಾಧಾನಕ್ಕೆ ಸುಳ್ಳು ಹೇಳುವವರ ಮುಖ ಹಾಗಿರುವುದಿಲ್ಲ. ಹತ್ತು ವರ್ಷಕ್ಕೂ ಮಿಕ್ಕಿ ಅವಳು ಹೊತ್ತದ್ದು ಅಮ್ಮನನ್ನು ನನ್ನಿಂದ ಕಸಿದ ಪಾಪವನ್ನು ಮಾತ್ರವಲ್ಲ, ಕಸಿದುಕೊಂಡೂ ತನಗೆ ಸಿಗದೇ ಹೋದ ಅಮ್ಮನನ್ನು. ನನಗೆ ಅವಳ ಮೇಲೆ ಸಿಟ್ಟು ಬಂತು, ಕನಿಕರ ಬಂತು, ಅಮ್ಮ ನನ್ನನ್ನು ಕರೆದಳೆಂದು ಹೊಟ್ಟೆಯೊಳಗೆ ತಂಪಾಯಿತು, ಆ ತಂಪಿಗೆ ನಾಚಿಕೆಯೂ ಆಯಿತು. ಎಲ್ಲವೂ ಒಟ್ಟಿಗೆ ಬಂದದ್ದರಿಂದ ಯಾವುದನ್ನು ಮೊದಲು ಆಡಬೇಕೆಂದು ತಿಳಿಯದೆ ಅವಳ ಮುಂದಿದ್ದ ಅರಳೆಯಲ್ಲಿ ಒಂದಿಷ್ಟು ಕಿತ್ತು ಬತ್ತಿ ಹೊಸೆಯತೊಡಗಿದೆ. ಅವಳೂ ಹೊಸೆದಳು. ಅರಳೆ ಮುಗಿಯುವವರೆಗೆ ಹೊಸೆಯುತ್ತಲೇ ಇದ್ದೆವು.

ಹೊರಡುವಾಗ ನನ್ನ ಬರಿಗಾಲು ನೋಡಿ ಅವಳು ತನ್ನ ಚಪ್ಪಲಿಯನ್ನು ಕಾಲಿನಿಂದಲೇ ನನ್ನ ಕಡೆ ತಳ್ಳಿದಳು. ಬೇಡವೆನ್ನಲಿಲ್ಲ. ಆ ಕಂದು ಚಪ್ಪಲಿ ಮೆಟ್ಟಿಕೊಂಡು ಎರಡು ಬೀದಿ ನಡೆದೆ. ಎಡಗಾಲಿನದು ಹೊರಕ್ಕೆ ವಾಲುತ್ತಿತ್ತು. ಅದರಲ್ಲಿ ಅವಳ ಹಾಗೆ ನಡೆಯದೆ ಬೇರೆ ದಾರಿಯೇ ಇರಲಿಲ್ಲ. ಅಂಗಡಿಯ ಶೆಟ್ಟರು, ಕಾಲಿಗೆ ಏನಾಯಿತಮ್ಮ ಎಂದು ಕೇಳಿದರು.

ಮನೆಯಲ್ಲಿ ವೃಂದಾ ಡಾಕ್ಟರಾಗಿ ಕೂತಿದ್ದಳು. ಪ್ರಸನ್ನ ಸಿಹಿ ತಂದಿದ್ದ. ನಾನು ಅವಳ ತಲೆ ಮುಟ್ಟಿ ಹರಸಿದೆ. ಆಮೇಲೆ ಅವಳನ್ನು ಅಡುಗೆಮನೆಗೆ ಕರೆದು, ಅಷ್ಟೊಂದು ಹೆಂಗಸರ ಮಾತು ನಿನ್ನ ಹತ್ತಿರ ಇತ್ತಲ್ಲ, ನಾನು ಕೂತು ಕೇಳುತ್ತಿದ್ದೇನೆಂದು ಗೊತ್ತಿದ್ದೇ ಅದೊಂದನ್ನು ಆರಿಸಿ ಓದಿದೆಯಾ ಎಂದು ಕೇಳಿದೆ. ಅವಳು ನನ್ನ ಕಾಲಲ್ಲಿದ್ದ ಚಪ್ಪಲಿಯನ್ನು ನೋಡಿದಳು. ಅಡುಗೆಮನೆಯವರೆಗೂ ಅದನ್ನು ಮೆಟ್ಟಿಕೊಂಡೇ ಬಂದಿದ್ದೆ.

"ಅದನ್ನ ಹೇಳೋ ಹಾಗಿಲ್ಲ ಅತ್ತೆ" ಅಂದಳು. ನಾನು ಈ ಸಲ ಎದ್ದು ಹೋಗಲಿಲ್ಲ. ಅವಳು ಕಾದಳು, ನಾನೂ ಕಾದೆ. ಕೊನೆಗೆ ಅವಳೇ ನಕ್ಕು ಒಲೆಯ ಕಡೆ ತಿರುಗಿದಳು. ನನ್ನ ಅನುಮಾನ ಇನ್ನೂ ಹೋಗಿಲ್ಲ.

ಆ ಮಾತನ್ನು ನಿಜವಾಗಿ ಆಡಿದವಳು ಯಾರೋ, ಅವಳ ಅಕ್ಕ ಯಾರೋ. ನಮ್ಮದೇ ಊರಿನ ಯಾವುದೋ ಬೀದಿಯಲ್ಲಿ ಅವರೂ ಇದ್ದಾರೆ. ಮದುವೆಮನೆಗಳ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ರಾಶಿ ಕಂಡಾಗಲೆಲ್ಲ ಅವರದು ಇದರಲ್ಲಿ ಯಾವುದಿರಬಹುದು ಎಂದು ನೋಡುತ್ತೇನೆ. ಮಂಗಳಿಯನ್ನು ಕ್ಷಮಿಸಿದೆನೇ ಎಂದರೆ ಹೌದೆನ್ನುವ ಧೈರ್ಯ ನನಗಿಲ್ಲ. ಕೆಲವು ದಿನ ಕ್ಷಮಿಸಿರುತ್ತೇನೆ, ಕೆಲವು ದಿನ ಇಲ್ಲ.

ವೈವಾ ಮುಗಿದ ಮರುದಿನ ಬೆಳಿಗ್ಗೆ ಮುಂಬಾಗಿಲು ತಟ್ಟಿದ ಸದ್ದಾಯಿತು. ಮಂಗಳಿ ಬರಿಗಾಲಲ್ಲಿ ನಿಂತಿದ್ದಳು. ಓಣಿಯ ಬಾಗಿಲಿಗೆ ಹೋಗಿರಲಿಲ್ಲ. ಚಪ್ಪಲಿ ತೆಗೆದುಕೊಂಡು ಹೋಗಲು ಬಂದೆ ಅಂದಳು.

"ಎಲ್ಲಿಟ್ಟೆನೋ ನೆನಪಾಗ್ತಿಲ್ಲ ಕಣೆ. ಹುಡುಕಬೇಕು. ಒಳಗೆ ಬಂದು ಕೂತ್ಕೊ" ಅಂದೆ.

ಚಪ್ಪಲಿ ಅವಳ ಕಾಲ ಬಳಿ, ಹೊಸಿಲಿನ ಪಕ್ಕದಲ್ಲೇ ಇತ್ತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಅದನ್ನು ದಾಟಿಕೊಂಡು ಒಳಗೆ ಬಂದು ಕೂತಳು.